ಕೊಲೆಯಿದ್ದರೂ ಭಯವಿಲ್ಲದ, ಪ್ರೇಮವಿದ್ದರೂ ಮುಜುಗರವಿಲ್ಲದ ಪುಸ್ತಕಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡು ಬಗೆಯ ಕಾದಂಬರಿಗಳ ಬಗ್ಗೆ. ಒಂದು, ಹಳೆಯ ಕಾಲದಲ್ಲಿ ನಡೆಯುವ ಪ್ರೇಮಕಥೆ. ಇನ್ನೊಂದು, ಸೌಮ್ಯವಾದ ಪತ್ತೇದಾರಿ. ಬರೆದವರೆಲ್ಲರೂ ಯಾರಿಗೋ ಒಂದು ಪುಸ್ತಕ ಹೇಳಬೇಕೆಂದೋ ಯಾರಿಂದಲೋ ಹೇಳಿಸಿಕೊಳ್ಳಬೇಕೆಂದೋ ಹಂಬಲಿಸಿದವರೇ. ಹಾಗಾಗಿ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಮ್ಮನಿಗೆ 74 ವರ್ಷ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿದ್ದವರು. ಅಪ್ಪ ತೀರಿಕೊಂಡ ಮೇಲೆ ರಾತ್ರಿ ನಿದ್ದೆಯಿಲ್ಲ, ‘ಏನಾದರೂ ಓದಲು ತಂದುಕೊಡು’ ಅನ್ನುತ್ತಾರೆ. ಪತ್ತೇದಾರಿ ಅವರಿಗೆ ಮೊದಲಿನಿಂದ ಇಷ್ಟ. ಆದರೆ ನಾನು ತಂದ ಪುಸ್ತಕವೊಂದರಲ್ಲಿ ಹೆಣ ಕತ್ತರಿಸುವ ವರ್ಣನೆ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಗೆಳತಿಯೊಬ್ಬಳು ‘ಕೋಜಿ ಮಿಸ್ಟರಿ ಕೊಡು’ ಅಂದಳು. ಮತ್ತೆ ಎಡವಿಬಿಟ್ಟರೆ ಎಂದು ಭಯ. — ಓದುಗರು, ಶಿವಮೊಗ್ಗ

ಉತ್ತರ: ಅಮ್ಮ ಪುಸ್ತಕ ಕೇಳುತ್ತಿದ್ದಾರೆ, ಅದೇ ದೊಡ್ಡದು. ದುಃಖದಲ್ಲಿರುವ ಎಷ್ಟೋ ಮಂದಿಗೆ ಪುಸ್ತಕ ಮುಟ್ಟಲೂ ಮನಸ್ಸಾಗುವುದಿಲ್ಲ. ನಿಮ್ಮ ಭಯವೂ ಸರಿಯಾದದ್ದೇ. ‘ಪತ್ತೇದಾರಿ’ ಎಂಬ ಒಂದೇ ಕಪಾಟಿನಲ್ಲಿ ತೀರ ಬೇರೆಬೇರೆ ಸ್ವಭಾವದ ಪುಸ್ತಕಗಳು ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತವೆ.

ನಿಮ್ಮ ಗೆಳತಿ ಹೇಳಿದ ಕೋಜಿ ಮಿಸ್ಟರಿ (ರಕ್ತಪಾತ, ಕ್ರೌರ್ಯ, ಹಾಸಿಗೆಯ ದೃಶ್ಯ ಯಾವುದೂ ಕಣ್ಣೆದುರು ಬಾರದ ಪತ್ತೇದಾರಿ ಕಥೆ) ಅಮ್ಮನಿಗೆ ಹೊಂದುತ್ತದೆ. ಕೊಲೆ ಸಾಮಾನ್ಯವಾಗಿ ತೆರೆಯ ಹಿಂದೆ ನಡೆದುಹೋಗಿರುತ್ತದೆ. ಊರು ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಪತ್ತೆ ಮಾಡುವವರು ಪೊಲೀಸರಲ್ಲ. ನೆರೆಮನೆಯ ಅಜ್ಜಿಯೋ, ಅಂಗಡಿಯಾಕೆಯೋ, ನಿವೃತ್ತ ಮೇಷ್ಟರೋ ಇರುತ್ತಾರೆ. ಕೊನೆಗೆ ತಪ್ಪಿತಸ್ಥರು ಸಿಕ್ಕೇ ಸಿಗುತ್ತಾರೆ.

ಆರಂಭಕ್ಕೆ ಅಗಾಥಾ ಕ್ರಿಸ್ಟಿ ಸೃಷ್ಟಿಸಿದ ಮಿಸ್ ಮಾರ್ಪಲ್ ಸಾಕು. ಸೇಂಟ್ ಮೇರಿ ಮೀಡ್ ಎಂಬ ಹಳ್ಳಿಯಲ್ಲಿ ಹೆಣಿಗೆ ಹಾಕುತ್ತ ಕೂತು ಊರವರ ಗುಟ್ಟನ್ನೆಲ್ಲ ಅಳೆಯುವ ವಯಸ್ಸಾದ ಹೆಣ್ಣುಮಗಳು ಈಕೆ. ಮಿಸ್ ಮಾರ್ಪಲ್ ಬರುವ ಮೊದಲ ಕಾದಂಬರಿ 1930ರ ‘ಮರ್ಡರ್ ಅಟ್ ದಿ ವಿಕರೇಜ್’. ನಾನಾದರೆ ಅದನ್ನು ಬಿಟ್ಟು 1932ರ ‘ದಿ ಥರ್ಟೀನ್ ಪ್ರಾಬ್ಲಮ್ಸ್’ ಕೊಡುತ್ತೇನೆ. ಹದಿಮೂರು ಸಣ್ಣ ಕಥೆಗಳು. ನಾಲ್ಕಾರು ಜನ ಒಂದೆಡೆ ಕೂತು ಒಬ್ಬೊಬ್ಬರೂ ತಮಗೆ ಗೊತ್ತಿರುವ ಒಂದು ರಹಸ್ಯ ಹೇಳುತ್ತಾರೆ, ಅಜ್ಜಿ ಬಿಡಿಸುತ್ತಾರೆ. ನಿದ್ದೆಗೆಟ್ಟವರ ಗಮನ ಬಹಳ ಹೊತ್ತು ನಿಲ್ಲುವುದಿಲ್ಲ. ಒಂದು ಕಥೆ ಮುಗಿಸಿ ದೀಪ ಆರಿಸಬಹುದು.

ಲೇಖಕಿಯ ಹೆಸರೊಂದನ್ನೇ ನಂಬಿ ಎಲ್ಲವನ್ನೂ ತರಬೇಡಿ. ಅದೇ ಕ್ರಿಸ್ಟಿಯ ‘ಆ್ಯಂಡ್ ದೆನ್ ದೇರ್ ವರ್ ನನ್’ (1939) ಒಂಟಿ ದ್ವೀಪದಲ್ಲಿ ಸಿಕ್ಕಿಬಿದ್ದ ಹತ್ತು ಜನರ ಕಥೆ. ಕಟ್ಟಿದ ರೀತಿ ಅಸಾಧಾರಣ, ಆದರೆ ಮನೆಯಲ್ಲಿ ಒಬ್ಬರೇ ಮಲಗುವವರ ದಿಂಬಿನ ಪಕ್ಕಕ್ಕೆ ಅಲ್ಲ.

ಆಮೇಲೆ ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಅವರ ‘ದಿ ನಂಬರ್ ಒನ್ ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ’ (1998). ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ರಮೋಟ್ಸ್‌ವೆ ಎಂಬಾಕೆ, ತಂದೆ ಬಿಟ್ಟುಹೋದ ದನಗಳನ್ನು ಮಾರಿ ಪತ್ತೇದಾರಿ ಕಚೇರಿ ತೆರೆಯುತ್ತಾಳೆ. ಬಹುಪಾಲು ಮನೆಮನೆಯ ತಕರಾರುಗಳು. ಆದರೆ ಕೊಡುವ ಮೊದಲು ಅಮ್ಮನಿಗೆ ಎರಡು ಮಾತು ಹೇಳಿಬಿಡಿ: ತಂದೆಯ ಸಾವಿನ ನೆನಪು ಅದರಲ್ಲಿ ಬಹಳ ಹೊತ್ತು ಬರುತ್ತದೆ, ಕಾಣೆಯಾದ ಹುಡುಗನೊಬ್ಬನ ಎಳೆ ಸ್ವಲ್ಪ ಕಳವಳ ಮಾಡುತ್ತದೆ. ಮುಂಚೆಯೇ ಗೊತ್ತಿದ್ದರೆ ಅಳು ಬಂದರೂ ಪೆಟ್ಟು ಬೀಳುವುದಿಲ್ಲ.

ಅಂಗಡಿಯಲ್ಲಿ ಹೊಸ ಪುಸ್ತಕ ಕೈಗೆತ್ತಿಕೊಂಡಾಗ ಮೊದಲ ಪುಟವನ್ನಷ್ಟೇ ನೋಡಬೇಡಿ. ನಡುವಿನ ಹತ್ತಿಪ್ಪತ್ತು ಪುಟಗಳ ಮೇಲೆ ಕಣ್ಣಾಡಿಸಿ. ಕ್ರೌರ್ಯ ಇರುವುದೇ ಆದರೆ ಅಷ್ಟರಲ್ಲಿ ಮುಖ ತೋರಿಸಿರುತ್ತದೆ. ನಿದ್ದೆಯ ತೊಂದರೆ ವಾರಗಟ್ಟಲೆ ಮುಂದುವರಿದರೆ ಪುಸ್ತಕದ ಜೊತೆಗೆ ವೈದ್ಯರನ್ನೂ ಕಾಣಿ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ರಾತ್ರಿ ಒಂದು ಕೊಲೆಯ ಕಥೆ ಓದಿದರೆ ನನಗೆ ಸುಖವಾಗಿ ನಿದ್ದೆ ಬರುತ್ತದೆ. ಹೆಂಡತಿ ‘ಇದೆಂಥ ಮನಸ್ಸು’ ಅನ್ನುತ್ತಾಳೆ. ನನ್ನಲ್ಲಿ ಏನಾದರೂ ದೋಷ ಇದೆಯೇ? — ಓದುಗರು, ಹಾಸನ

ಉತ್ತರ: ಇಂಥ ಶಂಕೆ ನಿಮಗೆ ಬಂದಿದೆ ಎಂದರೇ ನಿಮ್ಮ ಮನಸ್ಸು ನೆಟ್ಟಗಿದೆ. ಪತ್ರಿಕೆಯಲ್ಲಿ ನಿಜವಾದ ಕೊಲೆಯ ಸುದ್ದಿಯನ್ನೂ ನೀವು ಅದೇ ಖುಷಿಯಿಂದ ಓದುತ್ತೀರಾ? ಇಲ್ಲ ತಾನೆ?

ನಿಮ್ಮನ್ನು ನೆಮ್ಮದಿಯಾಗಿ ಮಲಗಿಸುವುದು ಕೊಲೆಯಲ್ಲ, ಅದರ ಲೆಕ್ಕ ಚುಕ್ತಾ ಆಗುವುದು. ಮೊದಲ ಮಹಾಯುದ್ಧದ ಕಾಲದಲ್ಲಿ ಅಗಾಥಾ ಕ್ರಿಸ್ಟಿ ತಮ್ಮೂರು ಟಾರ್ಕಿಯ ಆಸ್ಪತ್ರೆಯಲ್ಲಿ ಮೊದಲು ಶುಶ್ರೂಷೆ ಮಾಡಿ, ಆಮೇಲೆ ಔಷಧ ಕೊಡುವ ವಿಭಾಗಕ್ಕೆ ಹೋದರು. ವಿಷಗಳ ಜ್ಞಾನ ಬಂದದ್ದು ಅಲ್ಲಿಂದ. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯಲ್ಲಿ ಸಾವು ಬರುವುದು ಕಾಸರಕ ಬೀಜದಲ್ಲಿರುವ ಸ್ಟ್ರಿಕ್ನಿನ್ ಎಂಬ ವಿಷದಿಂದ; ಪತ್ತೇದಾರ ಪಾಯ್‌ರೋ, ಯುದ್ಧದಿಂದ ನೆಲೆ ಕಳೆದುಕೊಂಡು ಬಂದ ಬೆಲ್ಜಿಯಂನ ನಿರಾಶ್ರಿತ. ಆ ಯುದ್ಧದಲ್ಲಿ ಲಕ್ಷಗಟ್ಟಲೆ ಜನ ಯಾಕೆ ಸತ್ತರೆಂದು ಕೇಳಿದರೆ ಯಾರ ಬಳಿಯೂ ಉತ್ತರವಿರಲಿಲ್ಲ. ಈ ಕಥೆಗಳಲ್ಲಿ ಒಬ್ಬನೇ ಒಬ್ಬ ಸತ್ತರೂ ಇಡೀ ಮನೆ ನಿಂತು ಉತ್ತರ ಹೇಳಬೇಕು. ಆ ಕಾಲದ ಓದುಗರು ಇವಕ್ಕೆ ಮುಗಿಬಿದ್ದದ್ದು ಅದಕ್ಕೇ ಎಂದು ನನಗನಿಸುತ್ತದೆ. ದಿನವಿಡೀ ಲೆಕ್ಕ ತಾಳೆ ನೋಡುವ ನಿಮಗೂ ಅದು ಹಿಡಿಸಿದ್ದರೆ ಆಶ್ಚರ್ಯವೇನು! ಹೆಂಡತಿಗೆ ಒಂದನ್ನು ಓದಲು ಕೊಡಿ. ವಾದ ಮಾಡಬೇಡಿ.

ಪ್ರಶ್ನೆ: ಎಂ.ಎ. ವಿದ್ಯಾರ್ಥಿನಿ. ಜಾರ್ಜೆಟ್ ಹೇಯರ್ ಅವರ ಪ್ರೇಮ ಕಾದಂಬರಿಗಳೆಂದರೆ ಪ್ರಾಣ. ತರಗತಿಯ ಗೆಳೆಯರು ‘ಅಜ್ಜಿಕಾಲದ ರೊಮ್ಯಾನ್ಸ್’ ಎಂದು ನಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಇವುಗಳಿಂದ ನಾನು ಸುಳ್ಳು ಇತಿಹಾಸ ಕಲಿಯುತ್ತಿದ್ದೇನೆಯೇ ಎಂಬ ಅಳುಕು. ಬೇರೆಯವರಿಗೆ ಹೇಳಲೂ ಹಿಂಜರಿಕೆ. — ಓದುಗರು, ಮೈಸೂರು

ಉತ್ತರ: ನಗುವವರ ಮಾತು ಪಕ್ಕಕ್ಕಿಡಿ, ಅವರಲ್ಲಿ ಅರ್ಧದಷ್ಟು ಜನ ಒಂದು ಪುಟವನ್ನೂ ಓದಿರುವುದಿಲ್ಲ. ನಿಮ್ಮ ಅಳುಕು ಮಾತ್ರ ಒಳ್ಳೆಯ ಅಳುಕು, ಅದಕ್ಕೆ ನಿಧಾನವಾಗಿ ಉತ್ತರಿಸುತ್ತೇನೆ.

ಹೇಯರ್ (1902–1974) ಮೊದಲ ಕಾದಂಬರಿಯ ಕಥೆ ಕಟ್ಟಿದ್ದು ಹದಿಹರೆಯದಲ್ಲಿ, ಕಾಯಿಲೆ ಬಿದ್ದ ತಮ್ಮನ ಬೇಸರ ಕಳೆಯಲು. ಅದು 1921ರಲ್ಲಿ ‘ದಿ ಬ್ಲ್ಯಾಕ್ ಮಾತ್’ ಆಗಿ ಅಚ್ಚಾಯಿತು. ಅವರ ಹೆಸರು ಅಂಟಿಕೊಂಡಿರುವುದು ರೀಜೆನ್ಸಿ ಕಾಲಕ್ಕೆ (1811–1820, ದೊರೆ ಮೂರನೆಯ ಜಾರ್ಜ್ ಬುದ್ಧಿ ಕಳೆದುಕೊಂಡಾಗ ಮಗ ಅವನ ಪರವಾಗಿ ಆಳಿದ ಅವಧಿ). ಜೇನ್ ಆಸ್ಟೆನ್ ಬರೆದದ್ದೂ ಅದೇ ಕಾಲವನ್ನು. ಆದರೆ ಆಸ್ಟೆನ್ ಕಿಟಕಿಯಾಚೆ ಕಂಡದ್ದನ್ನು ಬರೆದರು. ಹೇಯರ್ ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಹಳೆಯ ಪತ್ರ, ದಿನಚರಿ, ಚಿತ್ರಗಳನ್ನು ಜಾಲಾಡಿ ಬರೆದರು. ಉಡುಪು, ಸಾರೋಟು, ಬೆಲೆ, ಆಡುಮಾತು ಎಲ್ಲದಕ್ಕೂ ಅವರು ಟಿಪ್ಪಣಿ ಪುಸ್ತಕಗಳನ್ನು ಇಟ್ಟಿದ್ದರು. ಆ ಮಟ್ಟಿಗೆ ಅವರನ್ನು ನಂಬಬಹುದು.

ಇನ್ನು ನೀವಿರುವ ಊರಿಗೇ ಬನ್ನಿ. ಹೇಯರ್ ಅವರ ‘ಆ್ಯನ್ ಇನ್‌ಫೇಮಸ್ ಆರ್ಮಿ’ (1937) ವಾಟರ್ಲೂ ಯುದ್ಧದ ಹಿನ್ನೆಲೆಯ ಪ್ರೇಮಕಥೆ. 1815ರಲ್ಲಿ ಅಲ್ಲಿ ನೆಪೋಲಿಯನ್ನನನ್ನು ಎದುರಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಅದರಲ್ಲಿ ಪಾತ್ರವಾಗಿ ಬರುತ್ತಾನೆ. ಆತನೇ 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ದರಿಯಾ ದೌಲತ್ ಬಾಗಿನಲ್ಲಿ ವಾಸವಿದ್ದ. ಧೋಂಡಿಯಾ ವಾಘನ ಬೆನ್ನಟ್ಟಿ 1800ರಲ್ಲಿ ಕೊಂದದ್ದೂ ಅವನ ಸೈನ್ಯವೇ. ಬ್ರಸೆಲ್ಸಿನ ನೃತ್ಯಕೂಟದಲ್ಲಿ ಹೆಂಗಳೆಯರ ನಡುವೆ ನಗುತ್ತ ನಿಂತ ಆ ವೀರನನ್ನು ನೀವು ಓದುವಾಗ, ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ತಲುಪುವ ಆ ತೋಟವನ್ನು ಒಮ್ಮೆ ನೆನೆಸಿಕೊಳ್ಳಿ. ಕೋಟೆ ಬಿದ್ದ ಮೇಲೆ ಸೂರೆಯ ಹಣ ಸೈನ್ಯದಲ್ಲಿ ಹಂಚಿಕೆಯಾಯಿತು. ಕಾದಂಬರಿಯೊಳಗಿನ ದೀಪ, ರೇಷ್ಮೆ, ಕುದುರೆಗಳಿಗೆ ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಹೇಯರ್ ಕೇಳುವುದಿಲ್ಲ. ಕೆರಿಬಿಯನ್ ಕಬ್ಬಿನ ತೋಟಗಳ ಗುಲಾಮರ ಬೆವರು, ನಮ್ಮ ಕಡೆಯ ಸೂರೆ, ಇವೆಲ್ಲ ಪುಟದ ಹೊರಗೇ ಉಳಿಯುತ್ತವೆ. ಅದನ್ನು ನೀವೇ ಕೇಳಿಕೊಳ್ಳಬೇಕು.

ಅಂದರೆ, ಅವರು ಹೇಳುವುದರಲ್ಲಿ ಸುಳ್ಳು ಕಡಿಮೆ, ಬಿಟ್ಟಿರುವುದು ಬಹಳ. ಗುಣವಂತರೂ ಸಿರಿವಂತರೂ ಆದ ಅಷ್ಟೊಂದು ತರುಣ ಡ್ಯೂಕರು ಯಾವ ದೇಶದಲ್ಲೂ ಇರಲಿಲ್ಲ ಎಂಬುದನ್ನಂತೂ ಹೇಳಬೇಕಿಲ್ಲ.

ಒಂದು ಕಡೆ ಮಾತ್ರ ನಾನು ಅವರ ಪರ ವಹಿಸುವುದಿಲ್ಲ. ‘ದಿ ಗ್ರ್ಯಾಂಡ್ ಸೋಫಿ’ ಲವಲವಿಕೆಯ ಕಾದಂಬರಿ. ಆದರೆ ಅದರಲ್ಲಿ ಬರುವ ಯಹೂದಿ ಲೇವಾದೇವಿಗಾರನ ಚಿತ್ರಣ ಅಸಹ್ಯ. ಬರೆದದ್ದು 1950ರಲ್ಲಿ, ಯುರೋಪಿನ ಯಹೂದಿಗಳಿಗೆ ಏನಾಯಿತೆಂದು ಜಗತ್ತಿಗೆಲ್ಲ ತಿಳಿದ ಮೇಲೆ. ಯಾರಿಗಾದರೂ ಆ ಪುಸ್ತಕ ಹೇಳುವಾಗ ಈ ಮಾತನ್ನೂ ಸೇರಿಸಿ ಹೇಳಿ. ಮೊದಲ ಬಾರಿ ಓದುವವರಿಗೆ ‘ಕೊಟಿಲಿಯನ್’ (1953) ಒಳ್ಳೆಯದು. ನಗಿಸುತ್ತದೆ, ಮತ್ತು ಅದರ ನಾಯಕ ನಾವು ಎಣಿಸಿದಂಥವನಲ್ಲ.

ಪ್ರಶ್ನೆ: ನಿವೃತ್ತ ಅಧಿಕಾರಿ. ನಮ್ಮ ಬಡಾವಣೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಪುಸ್ತಕ ಅದಲುಬದಲು ಮಾಡಿಕೊಳ್ಳುತ್ತೇವೆ. ‘ಹಳೆಯ ಕಾಲದ ಪ್ರೇಮಕಥೆ, ಚೊಕ್ಕವಾಗಿದೆ’ ಎಂದು ಯಾರೋ ಹೇಳಿದ್ದನ್ನು ನಂಬಿ, ನಾನು ಓದದೆಯೇ ಪಕ್ಕದ ಮನೆಯ ವೈನಿಗೆ ಒಂದು ಪುಸ್ತಕ ಕೊಟ್ಟೆ. ಅದರಲ್ಲಿ ಹಾಸಿಗೆಯ ದೃಶ್ಯಗಳು ವಿವರವಾಗಿ ಇದ್ದವಂತೆ. ಅವರು ಏನೂ ಅನ್ನದೆ ಹಿಂದಿರುಗಿಸಿದರು. ಈಗ ಎದುರಾದರೆ ತಲೆ ತಗ್ಗಿಸುತ್ತೇನೆ. ಸಾಲದ್ದಕ್ಕೆ, ಗುಂಪಿನಲ್ಲೊಬ್ಬರು ಪತ್ತೇದಾರಿ ಪುಸ್ತಕ ಹೇಳುವಾಗಲೆಲ್ಲ ಕೊಲೆಗಾರನ ಹೆಸರನ್ನೂ ಹೇಳಿಬಿಡುತ್ತಾರೆ. — ಓದುಗರು, ಧಾರವಾಡ

ಉತ್ತರ: ನಾಚಿಕೆಯಾಗುವುದು ಸಹಜ, ಆದರೆ ಇದು ತಲೆ ತಪ್ಪಿಸಿಕೊಂಡು ಓಡಾಡುವಂಥ ಅಪರಾಧವಲ್ಲ. ವೈನಿ ಸಿಕ್ಕಾಗ ‘ಆ ಪುಸ್ತಕ ನಾನು ಓದಿರಲಿಲ್ಲ, ಓದದೆ ಕೊಟ್ಟೆ, ತಪ್ಪಾಯಿತು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿ. ಉದ್ದುದ್ದ ವಿವರಣೆ ಬೇಡ, ಅದು ಮುಜುಗರವನ್ನು ಬೆಳೆಸುತ್ತದೆ.

ಆದದ್ದು ಇಷ್ಟು. ಐತಿಹಾಸಿಕ ಪ್ರೇಮ ಕಾದಂಬರಿಗಳಲ್ಲಿ ಎರಡು ಮನೆತನಗಳಿವೆ. ಹೇಯರ್ ಮುಂತಾದ ಹಳಬರದು ಮುಚ್ಚಿದ ಬಾಗಿಲಿನ ಕಥೆ (ಪ್ರಣಯ ಮಾತಿನಲ್ಲೇ ನಡೆದು, ಹೆಚ್ಚೆಂದರೆ ಕೊನೆಯ ಪುಟದ ಮುತ್ತಿಗೆ ನಿಲ್ಲುವುದು). ಈಚಿನವರದು ಬಹುಪಾಲು ತೆರೆದ ಬಾಗಿಲು. ಟಿವಿಯಲ್ಲಿ ಹೆಸರು ಮಾಡಿದ ‘ಬ್ರಿಡ್ಜರ್‌ಟನ್’ ಸರಣಿಯ ಮೂಲ, ಜೂಲಿಯಾ ಕ್ವಿನ್ ಅವರ ಎಂಟು ಕಾದಂಬರಿಗಳು, ಎರಡನೆಯ ಮನೆತನದವು. 2000ದಲ್ಲಿ ಬಂದ ಮೊದಲನೆಯದರಲ್ಲಿ ಗಂಡನ ಒಪ್ಪಿಗೆಯ ಬಗ್ಗೆ ಓದುಗರು ಇಂದಿಗೂ ಜಗಳಾಡುವ ಒಂದು ದೃಶ್ಯವಿದೆ. ಮುಖಪುಟ ನೋಡಿದರೆ ಎರಡರಲ್ಲೂ ಅದೇ ನಿಲುವಂಗಿ, ಅದೇ ಬಂಗಲೆ. ಹಾಗಾಗಿ ಮೋಸಹೋದವರು ನೀವೊಬ್ಬರೇ ಅಲ್ಲ. ಯಾವುದು ಮೇಲು ಯಾವುದು ಕೀಳು ಎಂದು ನಾನು ಹೇಳುತ್ತಿಲ್ಲ. ವಯಸ್ಕರು ತಮಗೆ ಬೇಕಾದ್ದನ್ನು ಓದಲಿ. ಕೊಡುವ ಮುನ್ನ ಕೇಳಬೇಕು, ಅಷ್ಟೆ. ‘ಬಾಗಿಲು ಮುಚ್ಚಿರಬೇಕೋ, ತೆರೆದಿದ್ದರೂ ನಡೆಯುತ್ತದೋ?’ ಎಂದು ಗುಂಪಿನಲ್ಲಿ ನಗುತ್ತ ಕೇಳಬಹುದು, ಯಾರಿಗೂ ಸಂಕೋಚವಿಲ್ಲ.

ಇನ್ನು ಕೊಲೆಗಾರನ ಹೆಸರು ಹೇಳುವ ಮಹಾಶಯರು. ಅವರಿಗೆ ಲಂಡನ್ನಿನ ಒಂದು ಸಂಗತಿ ಹೇಳಿ. ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕ 1952ರಿಂದ, ಕೊರೊನಾ ಕಾಲದ ಬಿಡುವು ಬಿಟ್ಟರೆ, ನಡೆಯುತ್ತಲೇ ಇದೆ. ಆಟ ಮುಗಿದ ಮೇಲೆ ನಟರೊಬ್ಬರು ಮುಂದೆ ಬಂದು, ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವುದು ಅಲ್ಲಿನ ರೂಢಿ.

ಹೆಸರು ಹೇಳದಿದ್ದರೂ ‘ಕೊನೆಯಲ್ಲಿ ಭಾರೀ ತಿರುವಿದೆ ನೋಡ್ರಿ’ ಅನ್ನುವುದೂ ಅರ್ಧ ಹೇಳಿದಂತೆಯೇ. ಕೇಳಿದವರು ಪುಟಪುಟಕ್ಕೂ ಅನುಮಾನಪಡುತ್ತ ಕೂರುತ್ತಾರೆ. ಊರು ಯಾವುದು, ಪತ್ತೆ ಮಾಡುವವರು ಎಂಥವರು, ಓಟ ನಿಧಾನವೋ ಚುರುಕೋ ಎಂಬಷ್ಟೇ ಹೇಳಿ. ಪ್ರೇಮ ಕಾದಂಬರಿಗೆ ಈ ನೇಮ ಬೇಕಿಲ್ಲ. ಅಲ್ಲಿ ಇಬ್ಬರೂ ಕೊನೆಗೆ ಒಂದಾಗುತ್ತಾರೆ ಎಂಬುದು ಓದುಗರಿಗೆ ಮೊದಲೇ ಕೊಟ್ಟ ಮಾತು, ಧಾರಾಳವಾಗಿ ಹೇಳಬಹುದು.

ಆದರೆ ಎರಡಕ್ಕೂ ಅನ್ವಯಿಸುವುದು ಒಂದಿದೆ. ಯಾರಾದರೂ ‘ಇದರಲ್ಲಿ ಮಗು ಸಾಯುತ್ತದೆಯೇ? ನಾಯಿಗೆ ಏನಾದರೂ ಆಗುತ್ತದೆಯೇ?’ ಎಂದು ಕೇಳಿದರೆ ಮುಚ್ಚಿಡಬೇಡಿ. ಅವರು ಕೇಳುತ್ತಿರುವುದು ಕಥೆಯ ಗುಟ್ಟನ್ನಲ್ಲ. ಅವರಿಗೆ ಎಲ್ಲಿಯೋ ಒಂದು ಗಾಯವಿರುತ್ತದೆ, ಯಾಕೆಂದು ವಿಚಾರಿಸುವುದೂ ಬೇಡ.

ಪ್ರಶ್ನೆ: ನನಗೆ ಪ್ರೇಮಕಥೆ, ನಮ್ಮ ಮನೆಯವರಿಗೆ ಪತ್ತೇದಾರಿ. ಇಬ್ಬರೂ ಒಂದೇ ಪುಸ್ತಕ ಓದಿ ಮಾತಾಡಬೇಕೆಂಬ ಆಸೆ, ಆದರೆ ಒಬ್ಬರದು ಇನ್ನೊಬ್ಬರಿಗೆ ಸೇರುವುದಿಲ್ಲ. — ಓದುಗರು, ತುಮಕೂರು

ಉತ್ತರ: ಇದು ಸುಲಭವಾಗಿ ಪರಿಹಾರವಾಗುವ ತೊಂದರೆ, ಏಕೆಂದರೆ ಬರೆದವರಲ್ಲೇ ಎಷ್ಟೋ ಮಂದಿ ಎರಡೂ ದಡದಲ್ಲಿ ಕಾಲಿಟ್ಟವರು. ಹೇಯರ್ ಪ್ರೇಮಕಥೆಗಳ ಜೊತೆಗೆ ಹನ್ನೆರಡು ಪತ್ತೇದಾರಿ ಕಾದಂಬರಿಗಳನ್ನೂ ಬರೆದರು. ಅವುಗಳ ಕಥಾಹಂದರಕ್ಕೆ ವಕೀಲರಾಗಿದ್ದ ಗಂಡ ನೆರವಾಗುತ್ತಿದ್ದರು. ಹ್ಯಾಮಿಶ್ ಮ್ಯಾಕ್‌ಬೆತ್ ಎಂಬ ಹಳ್ಳಿ ಪೊಲೀಸನ ಕಥೆಗಳಿಂದ ಪ್ರಸಿದ್ಧರಾದ ಎಂ.ಸಿ. ಬೀಟನ್ ಬೇರೆ ಯಾರೂ ಅಲ್ಲ, ಅದಕ್ಕೂ ಮೊದಲೇ ರೀಜೆನ್ಸಿ ಪ್ರೇಮಕಥೆಗಳನ್ನು ರಾಶಿ ರಾಶಿ ಬರೆದಿದ್ದ ಮೇರಿಯನ್ ಚೆಸ್ನಿ.

ಇಬ್ಬರಿಗೂ ಒಂದೇ ಪುಸ್ತಕ ಬೇಕೆಂದರೆ ಹೇಯರ್ ಅವರ ‘ದಿ ಟ್ಯಾಲಿಸ್ಮನ್ ರಿಂಗ್’ (1936) ತನ್ನಿ. ಕಾಣೆಯಾದ ಉಂಗುರ, ಕೊಲೆಯ ಆರೋಪ ಹೊತ್ತ ಯುವಕ, ಎರಡು ಜೋಡಿ ಪ್ರೇಮಿಗಳು, ಹೊಟ್ಟೆ ಹುಣ್ಣಾಗುವಷ್ಟು ನಗು. ಅದು ರುಚಿಸಿದರೆ ಎಲಿಸ್ ಪೀಟರ್ಸ್ ಅವರ ಬ್ರದರ್ ಕ್ಯಾಡ್‌ಫೇಲ್ ಸರಣಿಗೆ ಹೋಗಿ. ಇಂಗ್ಲೆಂಡಿನ ಶ್ರೂಸ್‌ಬರಿ ಮಠದಲ್ಲಿ ಗಿಡಮೂಲಿಕೆ ಬೆಳೆಸುವ ಸನ್ಯಾಸಿಯೊಬ್ಬ 12ನೇ ಶತಮಾನದಲ್ಲಿ ಕೊಲೆಗಳ ಜಾಡು ಹಿಡಿಯುತ್ತಾನೆ, ಆ ನಡುವೆ ಯಾರೋ ಎಳೆಯರ ಪ್ರೇಮವನ್ನೂ ದಡ ಸೇರಿಸುತ್ತಾನೆ. ಇಪ್ಪತ್ತು ಕಾದಂಬರಿಗಳಿವೆ. ಮೊದಲನೆಯದು 1977ರದು, ಆದರೆ ಎರಡನೆಯದಾದ ‘ಒನ್ ಕಾರ್ಪ್ಸ್ ಟೂ ಮೆನಿ’ಯಿಂದ ಹಿಡಿದರೂ ಏನೂ ಕೆಡುವುದಿಲ್ಲ.

ಪ್ರಶ್ನೆ: ನಾನು ಓದುವುದು ಕನ್ನಡ ಮಾತ್ರ. ನಿಮ್ಮ ಅಂಕಣದಲ್ಲಿ ಬರೀ ಇಂಗ್ಲಿಷ್ ಹೆಸರು ನೋಡಿ, ಇದು ನನ್ನಂಥವಳಿಗಲ್ಲ ಅನಿಸುತ್ತದೆ. — ಓದುಗರು, ಹಿರಿಯೂರು

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ನಮ್ಮ ಭಾಷೆಗೂ ಇವು ಹೊಸವಲ್ಲ. ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯಂಥ ಚಾರಿತ್ರಿಕ ಪ್ರೇಮಕಥೆಯನ್ನು ಬಿ. ವೆಂಕಟಾಚಾರ್ಯರು 19ನೇ ಶತಮಾನದಲ್ಲೇ ಕನ್ನಡಕ್ಕೆ ತಂದರು. ಪತ್ತೇದಾರಿಯಲ್ಲಿ ಎನ್. ನರಸಿಂಹಯ್ಯನವರು ‘ಪತ್ತೇದಾರ ಪುರುಷೋತ್ತಮ’ನನ್ನು ಮನೆಮಾತು ಮಾಡಿದರು. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಲ್ಲಿ ಅವರ ಕಾದಂಬರಿಗಳು ಕೈಯಿಂದ ಕೈಗೆ ಹೋಗಿ ಹೊದಿಕೆ ಕಿತ್ತುಹೋದದ್ದನ್ನು ಕಂಡವರು ಇನ್ನೂ ಇದ್ದಾರೆ. ಹಳೆಯ ಪ್ರತಿಗಳಿಗಾಗಿ ಜಿಲ್ಲಾ ಗ್ರಂಥಾಲಯದಲ್ಲಿ ವಿಚಾರಿಸಿ, ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯಲ್ಲೂ ಹುಡುಕಿ.

ಚಾರಿತ್ರಿಕ ಕಾದಂಬರಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಸುಖಾಂತ್ಯವೇ ಬೇಕೆಂದು ಹೊರಟರೆ ನಮ್ಮವರು ಅಳಿಸಿ ಕಳಿಸುತ್ತಾರೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ದಲ್ಲಿ ಹೊಯ್ಸಳ ರಾಣಿಯ ಪ್ರೇಮವಿದೆ, ಕೊನೆ ಕಣ್ಣೀರು. ನಿಮ್ಮ ಜಿಲ್ಲೆಯದೇ ಕಥೆಯಾದ ತ.ರಾ.ಸು. ಅವರ ‘ದುರ್ಗಾಸ್ತಮಾನ’ 1779ರಲ್ಲಿ ಕೋಟೆ ಹೈದರನ ಕೈಸೇರಿದ ದುರಂತ, ಮಾಸ್ತಿಯವರ ‘ಚಿಕವೀರ ರಾಜೇಂದ್ರ’ 1834ರಲ್ಲಿ ಕೊಡಗು ಕೈತಪ್ಪಿದ ದುರಂತ. ಮೂರೂ ಓದಲೇಬೇಕಾದವು. ಆದರೆ ಮನಸ್ಸು ಭಾರವಾದ ದಿನ ಬೇಡ. ಅಂಥ ದಿನಕ್ಕೆ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಹೇಳುತ್ತೇನೆ. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ, ಹಳೆಯ ಕಾವ್ಯವೊಂದರೊಳಗಿನ ಒಗಟು, ಮಲೆನಾಡಿನ ಕಾಡು. ಅಪಾಯ, ಹೊಡೆದಾಟ ಉಂಟು, ಹಾಗಾಗಿ ಪೂರ್ತಿ ಸೌಮ್ಯ ಅನ್ನಲಾರೆ. ಆದರೆ ಆ ಹಾಸ್ಯ ನಿಮ್ಮನ್ನು ಕೈಬಿಡುವುದಿಲ್ಲ.

ಪ್ರಶ್ನೆ: ಸಿಂಗಪುರದಲ್ಲಿದ್ದೇವೆ. 14 ವರ್ಷದ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅಜ್ಜಿಯ ಊರು ಬೆಂಗಳೂರು ಎಂಬುದೊಂದೇ ಅವಳಿಗೆ ಗೊತ್ತು. ಇಬ್ಬರೂ ಸೇರಿ ಓದಬಹುದಾದ ಪತ್ತೇದಾರಿ ಇದೆಯೇ? — ಓದುಗರು, ಸಿಂಗಪುರ

ಉತ್ತರ: ಇದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರು ಇಂಗ್ಲಿಷಿನಲ್ಲಿ ಬರೆದ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ (2022). ಕಾಲ 1921. ಗಣಿತದ ಹುಚ್ಚಿನ ಹೊಸ ಸೊಸೆ ಕಾವೇರಿ, ಬೌರಿಂಗ್ ಆಸ್ಪತ್ರೆಯ ಡಾಕ್ಟರಾದ ಗಂಡ ರಾಮು. ಸೆಂಚುರಿ ಕ್ಲಬ್ಬಿನ ಔತಣಕೂಟದಲ್ಲಿ ಕೊಲೆಯಾಗುತ್ತದೆ. ಗಂಡ ಹೆಂಡತಿಯ ನಡುವೆ ನಿಧಾನವಾಗಿ ಬೆಳೆಯುವ ಒಲುಮೆ ಬೇರೆ ಇರುವುದರಿಂದ ಪ್ರೇಮಕಥೆ ಬೇಕೆಂದವರಿಗೂ ನಿರಾಸೆಯಿಲ್ಲ. ಹೆಂಡತಿಗೆ ಹೊಡೆಯುವ ಗಂಡಂದಿರು, ಸೂಳೆಗಾರಿಕೆ ಇವುಗಳ ಪ್ರಸ್ತಾಪ ಬರುತ್ತದೆ, ಆದರೆ ಹಸಿಹಸಿ ವಿವರವಿಲ್ಲ. 14ರ ಹುಡುಗಿ ಪ್ರಶ್ನೆ ಕೇಳಿದರೆ ಉತ್ತರಿಸಲು ನೀವು ಒಂದು ಅಧ್ಯಾಯ ಮುಂದಿರಿ.

ಸರಣಿ ಮುಂದುವರಿದಿದೆ. ಕಾವೇರಿ ಮತ್ತು ಅತ್ತೆಯ ಸಂಬಂಧ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತ ಹೋಗುವುದರಿಂದ ಇದನ್ನು ಮಾತ್ರ ಮೊದಲನೆಯದರಿಂದಲೇ ಓದಿ.